ಹೌಸ್ ಬ್ಯಾಂಡಿನ ಎರಡು ಪುಟ

ಮೂರನೆಯ ಸಲವೂ ಉಮಾನಾಥನ ಪೆನ್ನು ಅದೇ ವಾಕ್ಯದ ನಡುವೆ ನಿಂತುಹೋಯಿತು. ‘ತಂಡದ ಸ್ಥಾಪಕರೂ ಕೀಬೋರ್ಡ್ ವಾದಕರೂ ಆಗಿದ್ದ ಶ್ರೀ ನಂಜುಂಡಸ್ವಾಮಿಯವರು ೧೯೯೮ರ ನವೆಂಬರಿನಲ್ಲಿ’ ಎಂಬಲ್ಲಿಯವರೆಗೆ ಕೈ ಸಲೀಸಾಗಿ ಓಡುತ್ತಿತ್ತು. ಆಮೇಲೆ ಒಂದು ಕ್ರಿಯಾಪದ ಬೇಕಿತ್ತು. ‘ನಿವೃತ್ತರಾದರು’ ಎಂದು ಬರೆದು ನೋಡಿದ. ಬ್ಯಾಂಕಿನ ಮ್ಯಾನೇಜರಿಗೆ ಹಾರ ಹಾಕಿ ಕಳಿಸಿಕೊಟ್ಟ ಹಾಗೆ ಕಂಡಿತು. ‘ಅನಾರೋಗ್ಯದ ನಿಮಿತ್ತ ತಂಡವನ್ನು ತೊರೆದರು’ ಎಂದು ಬರೆದ. ಆ ಮನುಷ್ಯನಿಗೆ ನೆಗಡಿ ಬಂದದ್ದನ್ನು ಕೂಡ ಯಾರೂ ಕಂಡವರಿಲ್ಲ. ‘ವೈಯಕ್ತಿಕ ಕಾರಣಗಳಿಂದ’ ಎಂದು ಶುರುಮಾಡಿ, ಯಾರ ವೈಯಕ್ತಿಕ ಎಂಬ ಪ್ರಶ್ನೆ ತನಗೆ ತಾನೇ ಎದ್ದು, ಅದನ್ನೂ ಹೊಡೆದುಹಾಕಿದ. ಎದುರಿಗೆ ಕೂತು ಹಾಲಿಗೆ ಸೀರಿಯಲ್ ಹಾಕಿಕೊಂಡು ತಿನ್ನುತ್ತಿದ್ದ ಮಗಳು ಅಪೇಕ್ಷಾ ಹಾಳೆಯನ್ನು ತಲೆಕೆಳಗಾಗಿಯೇ ನೋಡಿ, “ಡ್ಯಾಡ್, ಇಟ್ಸ್ ಜಸ್ಟ್ ಟೂ ಪೇಜಸ್,” ಎಂದಳು. ಎರಡೇ ಪುಟ. ಟೀವಿ ಶೋ ನಡೆಸುವ ಸಂಪತ್ ಫೋನಿನಲ್ಲಿ ಹೇಳಿದ್ದೂ ಅದನ್ನೇ. “ಎರಡೇ ಪುಟ ಉಮಾನಾಥ್, ಕನ್ನಡ ಕೂಟದ ಯುಗಾದಿ ಸುವನೀರ್‌ಗೆ. ಬ್ಯಾಂಡಿನ ಹಿಸ್ಟರಿ. ಯಾವಾಗ ಶುರುವಾಯ್ತು, ಯಾರ್ಯಾರು ಇದ್ರು, ಅಷ್ಟೇ. ಲೈಟಾಗಿರ್ಲಿ.”

ಯಾವಾಗ ಶುರುವಾಯಿತು ಎಂಬುದು ಸುಲಭ. ೧೯೯೭ರ ಮಾರ್ಚಿನಲ್ಲಿ, ಸ್ಯಾನ್ ಹೋಸೆಯ ಕಮ್ಯುನಿಟಿ ಕೇಬಲ್ ಚಾನೆಲ್ಲಿನ ಸ್ಟುಡಿಯೋದಲ್ಲಿ ಸಂಪತ್ ಒಂದು ಮೇಜು ಹಾಕಿಕೊಂಡು, ಹಿಂದುಗಡೆ ಥರ್ಮೊಕೋಲಿನ ಚಂದ್ರನನ್ನು ತೂಗುಹಾಕಿ, ‘ಶನಿವಾರ ಹನ್ನೊಂದೂವರೆ’ ಎಂಬ ಕನ್ನಡ ಟಾಕ್ ಶೋ ಆರಂಭಿಸಿದ. ಅಮೆರಿಕದ ದೊಡ್ಡ ಲೇಟ್ ನೈಟ್ ಶೋಗಳಿಗೆಲ್ಲ ಒಂದು ಹೌಸ್ ಬ್ಯಾಂಡು ಇರುವಾಗ ನಮಗೂ ಒಂದು ಬೇಡವೇ ಎಂದ. ಶೋ ಬರುತ್ತಿದ್ದದ್ದು ಶನಿವಾರ ರಾತ್ರಿ ಹನ್ನೊಂದೂವರೆಗೆ. ರೆಕಾರ್ಡಿಂಗು ಮಾತ್ರ ಭಾನುವಾರ ಮಧ್ಯಾಹ್ನ ಎರಡಕ್ಕೆ. ಊಟದ ಭಾರಕ್ಕೆ ತೂಕಡಿಸುತ್ತ ಮಡಚುವ ಕುರ್ಚಿಗಳಲ್ಲಿ ಕೂತ ಮೂವತ್ತು ನಲವತ್ತು ಜನರಿಗೆ ಸಂಪತ್ “ಇಷ್ಟು ಹೊತ್ತಿನಲ್ಲೂ ಎದ್ದಿದ್ದೀರಲ್ಲ, ನಿಮಗೆ ನಮಸ್ಕಾರ” ಎನ್ನುತ್ತಿದ್ದ. ಅವನ ಎಡಕ್ಕೆ, ಒಂದಡಿ ಎತ್ತರದ ಹಲಗೆಯ ಮೇಲೆ ಬ್ಯಾಂಡು: ಕೀಬೋರ್ಡಿಗೆ ನಂಜುಂಡಸ್ವಾಮಿ, ಡ್ರಮ್ಸಿಗೆ ರಘು, ಹಾಡಿಗೂ ಗಿಟಾರಿಗೂ ಕಾವ್ಯಾ, ಸ್ಯಾಕ್ಸೊಫೋನಿಗೆ ಉಮಾನಾಥ. ಅತಿಥಿ ಬರುವಾಗ ಹತ್ತು ಸೆಕೆಂಡು, ಜಾಹೀರಾತಿಗೆ ಮುಂಚೆ ಇಪ್ಪತ್ತು ಸೆಕೆಂಡು, ಜೋಕು ಮುಗಿದು ಸಂಪತ್ ಎಡಗೈಯನ್ನು ಮೇಜಿನ ಮೇಲೆ ಬಡಿದ ಕ್ಷಣ ಒಂದು ‘ಢಂ’. ಇಷ್ಟೇ ಕೆಲಸ. ತೊಂಬತ್ತೊಂಬತ್ತರಲ್ಲಿ ಮನೆಬಾಗಿಲಿಗೆ ಪೂಜಾಸಾಮಗ್ರಿ ಕಳಿಸುವ ಒಂದು ಡಾಟ್‌ಕಾಮ್ ಕಂಪನಿ ಶೋದ ಪ್ರಾಯೋಜಕತ್ವ ವಹಿಸಿ, ಎಲ್ಲರಿಗೂ ಅರಿಸಿನದ ಬಣ್ಣದ ಟೀಶರ್ಟು ಕೊಟ್ಟು, ಎರಡು ಸಾವಿರದ ಡಿಸೆಂಬರಿನಲ್ಲಿ ಮುಚ್ಚಿಹೋಯಿತು. ದುಡ್ಡು ನಿಂತು ಶೋವೂ ಮುಗಿಯುತ್ತ ಬಂದಿತ್ತು; ನಾಳೆ ಭಾನುವಾರ ಕೊನೆಯ ರೆಕಾರ್ಡಿಂಗು. ಇದನ್ನೆಲ್ಲ ಅವನು ಬರೆದಾಗಿತ್ತು. ಒಂದು ವಾಕ್ಯ ಬಿಟ್ಟು.

ಹೆಂಡತಿ ಗುಲಾಬಿ ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬಂದು, ನರ್ಸಿನ ಬಿಳಿ ಶೂ ಬಾಗಿಲ ಹತ್ತಿರ ಕಳಚುತ್ತ ಅವನ ಮುಖ ನೋಡಿದಳು. “ಇನ್ನೂ ಮುಗಿಲಿಲ್ವಾ? ಎಂತ ಅಷ್ಟು ಬರೆಯುದು ಉಂಟು?”

“ನಂಜುಂಡಣ್ಣ ಯಾಕೆ ಬಿಟ್ಟದ್ದು ಅಂತ ಬರೀಬೇಕು.”

“ಅದಕ್ಕೆ ಅವರನ್ನೇ ಕೇಳಿದ್ರಾಯ್ತಲ್ಲ. ಮೊದಲ ದಿನದ ಫೋಟೋ ಸಹ ಅವರ ಹತ್ರವೇ ಉಂಟು. ಹೋಗಿ ತನ್ನಿ. ಇಪ್ಪತ್ತು ನಿಮಿಷದ ದಾರಿ.” ಕೈ ತೊಳೆದುಕೊಳ್ಳುತ್ತ, ನಲ್ಲಿಯ ಸದ್ದಿನ ನಡುವೆ, ಬೇರೆ ಏನನ್ನೋ ಹೇಳುವವಳ ಹಾಗೆ, “ಎರಡು ವರ್ಷ ಮೇಲಾಯ್ತು ನೀವು ಆ ಕಡೆ ಹೋಗದೆ,” ಎಂದಳು. ಅವಳು ಲೆಕ್ಕವಿಟ್ಟಿದ್ದಾಳೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಯಾಕೆ ಹೋಗಿಲ್ಲ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಒಂದು ಸುಳ್ಳನ್ನು ಹೇಳಿ ಅಲ್ಲಿಯೇ ಕೂತುಬಿಡಬಹುದಿತ್ತು. ಕೇಳದೆ ಅವಳು ಮಲಗಲು ಹೋದದ್ದರಿಂದ ಅವನು ಹಾಳೆಗಳನ್ನು ಮಡಚಿ ಜೇಬಿಗಿಟ್ಟುಕೊಂಡು ಎದ್ದ.

ಮಿಲ್ಪಿಟಾಸಿನಿಂದ ನಂಜುಂಡಸ್ವಾಮಿಯವರಿದ್ದ ಕ್ಯಾಂಪ್‌ಬೆಲ್ಲಿಗೆ ಫ್ರೀವೇ ನೇರವಾಗಿ ಹೋಗುತ್ತದೆ. ದಾರಿ ತಪ್ಪುವ ಅವಕಾಶವೂ ಇಲ್ಲ. ಬಲಗಡೆಯ ನಿಧಾನದ ಲೇನಿನಲ್ಲೇ ಐವತ್ತು ಮೈಲಿ ವೇಗದಲ್ಲಿ ಹೋಗುತ್ತಿದ್ದವನನ್ನು ಎಲ್ಲರೂ ದಾಟಿಕೊಂಡು ಹೋದರು. ಮೊದಲು ಏನು ಹೇಳುವುದು ಎಂದು ಅವನು ಬಾಯಲ್ಲಿ ಹೇಳಿಕೊಂಡು ನೋಡುತ್ತಿದ್ದ. ‘ನಂಜುಂಡಣ್ಣ, ಒಂದು ವಿಷಯ ಉಂಟು.’ ಇಲ್ಲ, ಫೋಟೋ ಕೇಳಿ, ಕಾಫಿ ಕುಡಿದು, ಹೊರಡುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳುವುದು. ಮೆಲ್ಲಗೆ ಹೇಳುವುದಂತೆ, ಯಾರಿಗೆ? ಅವನಿಗೆ ನಗು ಬಂತು, ತಕ್ಷಣ ನಾಚಿಕೆಯಾಯಿತು. ತಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವ ಜಾಗದ ತಣ್ಣನೆಯ ಸಿಮೆಂಟಿನ ವಾಸನೆ ಮೂಗಿಗೆ ಬಂದ ಹಾಗಾಯಿತು. ಗುಲಾಬಿಯ ವೀಸಾದ ಬಾಲ ಹಿಡಿದುಕೊಂಡು ಈ ದೇಶಕ್ಕೆ ಬಂದ ಮೊದಲ ವರ್ಷಗಳಲ್ಲಿ, ಮನೆಯೊಳಗೆ ಸ್ಯಾಕ್ಸೊಫೋನು ಊದಿದರೆ ಮೇಲಿನ ಮನೆಯವರು ಪೊರಕೆಯ ಕೋಲಿನಿಂದ ನೆಲ ಕುಟ್ಟುತ್ತಿದ್ದರು. ಅವನು ಹಗಲು ಹೊತ್ತು, ಕಾರುಗಳೆಲ್ಲ ಆಫೀಸಿಗೆ ಹೋಗಿ ನೆಲಮಾಳಿಗೆ ಬರಿದಾದ ಮೇಲೆ ಕೆಳಗಿಳಿದು, ಎಣ್ಣೆಯ ಕಲೆಗಳ ನಡುವೆ ನಿಂತು ಊದುತ್ತಿದ್ದ. ಮೂಲ್ಕಿಯಲ್ಲಿ ಅಪ್ಪನ ಬ್ಯಾಂಡ್ ಸೆಟ್ಟಿನಲ್ಲಿ ಮದುವೆ ಮುಂಜಿಗಳಿಗೆ ಊದಿ ಬಂದವನು. ಅಲ್ಲಿ ಯಾರೂ ಅವನನ್ನು ‘ಎಂತ ಕೆಲಸ’ ಎಂದು ಕೇಳಿದ್ದಿಲ್ಲ. ಇಲ್ಲಿ ಕನ್ನಡ ಕೂಟದ ಊಟದ ಸಾಲಿನಲ್ಲಿ ಎಲ್ಲರೂ ಅದನ್ನೇ ಕೇಳುವರು, “ಬ್ಯಾಂಡು” ಎಂದರೆ “ಬ್ರಾಡ್‌ಬ್ಯಾಂಡಾ?” ಎನ್ನುವರು; ಅಲ್ಲವೆಂದು ತಿಳಿದ ಮೇಲೆ ಅವರ ಕಣ್ಣು ಅವನ ಹೆಗಲ ಮೇಲಿಂದ ಬೇರೆ ಯಾರನ್ನೋ ಹುಡುಕುವುದು. ಅಂಥ ಒಂದು ಮಧ್ಯಾಹ್ನ ಯಾರದೋ ಮನೆಗೆಂದು ಬಂದು, ಕಾರಿನಿಂದ ಇಳಿದ ನಂಜುಂಡಸ್ವಾಮಿ ಕಂಬದ ಮರೆಯಲ್ಲಿ ನಿಂತು ಮುಕ್ಕಾಲು ಗಂಟೆ ಕೇಳಿಸಿಕೊಂಡಿದ್ದರು. ಡಿಸ್ಕ್ ಡ್ರೈವ್ ಫ್ಯಾಕ್ಟರಿಯೊಂದರಲ್ಲಿ ಟೆಸ್ಟ್ ಇಂಜಿನಿಯರು, ಮಂಡ್ಯದ ಕಡೆಯವರು, ಕಾಲೇಜಿನ ದಿನಗಳಲ್ಲಿ ಆರ್ಕೆಸ್ಟ್ರಾದಲ್ಲಿ ಹಾರ್ಮೋನಿಯಂ ನುಡಿಸಿದವರು. ಹತ್ತಿರ ಬಂದು, “ಅಯ್ಯ, ಈ ಗುಹೇಲಿ ಯಾಕಯ್ಯ ನಿಂತಿದ್ದೀಯ, ನಡಿ ಮೇಲಕ್ಕೆ,” ಎಂದಿದ್ದರು.

ಆ ಮನುಷ್ಯನ ಬಗ್ಗೆ ಅವನು ಹೇಳಿದ್ದು ನಾಲ್ಕೇ ಮಾತು. ಎಷ್ಟು ಸಲ ಎಣಿಸಿದರೂ ನಾಲ್ಕೇ. ‘ಅವರಿಗೆ ಕಿವಿ ಕೇಳುದಿಲ್ಲ ಮಾರಾಯ್ರೆ.’

ಅದನ್ನು ಹೇಳಿದ ದಿನ ಶೋಗೆ ಬಂದಿದ್ದ ಅತಿಥಿ ಮಲ್ಲಪ್ಪ ಮೇಷ್ಟ್ರು. ಧಾರವಾಡದ ಕಡೆ ಗಣಿತ ಕಲಿಸಿ ನಿವೃತ್ತರಾಗಿ ಸರಟೋಗಾದಲ್ಲಿ ಮಗಳ ಮನೆಗೆ ಬಂದಿದ್ದವರು. ಗಣಿತದ ತಮಾಷೆಗಳನ್ನು ಹೇಳುತ್ತ ಎಲ್ಲರನ್ನೂ ನಗಿಸುತ್ತಿದ್ದವರು ಯಾವ ಪ್ರಶ್ನೆಗೋ ಉತ್ತರವಾಗಿ ತೀರಿಹೋದ ಹೆಂಡತಿ ಬಂಗಾರೆವ್ವನ ಮಾತು ತೆಗೆದರು. “ಅವತ್ತ ಮುಂಜಾನಿ ಆಕಿ ಚಹಾ ಕೇಳಿದ್ಲು. ನಾ ಪೇಪರ್ ಓದಾಕತ್ತಿದ್ದೆ. ತಡೀ ಅಂದೆ.” ಆಮೇಲೆ, “ತಡೀಲಿಲ್ಲ ಆಕಿ,” ಎಂದರು. ಸ್ಟುಡಿಯೋದಲ್ಲಿ ಒಂದು ಕುರ್ಚಿಯೂ ಕಿರುಗುಟ್ಟಲಿಲ್ಲ. ಸಂಪತ್ ಮುಂದಕ್ಕೆ ಬಾಗಿ ಎಡಗೈಯನ್ನು ಮೇಜಿನ ಮೇಲಿಟ್ಟ. ಆಗ ನಂಜುಂಡಸ್ವಾಮಿ ಜೋಕಿನ ‘ಢಂ’ ಹೊಡೆದರು. ಹಿರಿಯರು ಹೊಡೆದರೆಂದು ರಘುವೂ ತಾಳ ಅಪ್ಪಳಿಸಿದ. ಮೇಷ್ಟ್ರು ಬ್ಯಾಂಡಿನ ಕಡೆ ತಿರುಗಿ ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ. ತರಗತಿಯಲ್ಲಿ ಹುಡುಗನೊಬ್ಬ ಯಾಕೆ ನಗುತ್ತಿದ್ದಾನೆ ಎಂದು ನಿಜವಾಗಿ ತಿಳಿದುಕೊಳ್ಳಲು ಬಯಸುವವರ ನೋಟ ಅದು. ನಂಜುಂಡಸ್ವಾಮಿ ಜನರ ಮುಖಗಳನ್ನು ಒಂದೊಂದಾಗಿ ನೋಡುತ್ತ, ಏನಾಯಿತೆಂದು ತಿಳಿಯದೆ, ಅರೆ ನಕ್ಕು, ಆ ನಗುವನ್ನು ಎಲ್ಲಿಡುವುದೆಂದು ತಿಳಿಯದೆ ಕೂತಿದ್ದರು. ಆ ಭಾಗವನ್ನು ಮತ್ತೆ ರೆಕಾರ್ಡು ಮಾಡಿದರು. ಎರಡನೆಯ ಸಲ ಮೇಷ್ಟ್ರು ಅದೇ ಮಾತನ್ನು ವರದಿ ಓದಿದ ಹಾಗೆ ಹೇಳಿ ಮುಗಿಸಿದರು.

ಅವರ ಕಿವಿ ಮಂದವಾಗುತ್ತಿರುವುದು ಅದಕ್ಕೆ ಮುಂಚೆ ಆರು ತಿಂಗಳಿಂದ ಉಮಾನಾಥನಿಗೆ ಗೊತ್ತಿತ್ತು. ಮೊದಮೊದಲು ನಂಜುಂಡಸ್ವಾಮಿ ಅರ್ಧ ಕ್ಷಣ ತಡವಾಗಿ ನುಡಿಸುತ್ತಿದ್ದರು. ಆಮೇಲೆ ಉಮಾನಾಥನ ಭುಜವನ್ನೇ ನೋಡುತ್ತ ನುಡಿಸತೊಡಗಿದರು. ಊದುವ ಮುಂಚೆ ಉಸಿರೆಳೆದಾಗ ಭುಜ ತಾನಾಗಿ ಮೇಲೇರುತ್ತದೆ. ಅದನ್ನವನು ಬೇಕೆಂದೇ ಸ್ವಲ್ಪ ಹೆಚ್ಚು ಎತ್ತತೊಡಗಿದ. ಅವರು ಅದನ್ನು ಹಿಡಿದುಕೊಂಡರು. ಇಬ್ಬರೂ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಮೇಷ್ಟ್ರ ಮಾತು ಕೇಳುತ್ತ ಅವತ್ತು ಅವನು ಕಣ್ಣು ಮುಚ್ಚಿದ್ದ. ಅವರು ನೋಡಿದಾಗ ಭುಜ ಏನನ್ನೂ ಹೇಳಲಿಲ್ಲ; ಮೇಜಿನ ಮೇಲಿನ ಕೈ ಹೇಳಿತು. ರೆಕಾರ್ಡಿಂಗು ಮುಗಿದ ಮೇಲೆ ಪಾರ್ಕಿಂಗ್ ಲಾಟಿನಲ್ಲಿ ಸಂಪತ್ ಅವನನ್ನು ಅಡ್ಡಗಟ್ಟಿ, “ಏನ್ರಿ ಅದು? ಅವರು ಯಾವಾಗಲೂ ನಿಮ್ಮನ್ನ ನೋಡ್ಕೊಂಡೇ ನುಡಿಸ್ತಾರೆ. ನೀವು ಹೊಡೀರಿ ಅಂತ ಕ್ಯೂ ಕೊಟ್ರಾ?” ಎಂದ. ಅವನಿಗೆ ಭಯವಾಯಿತು. ಮತ್ತೆ ನೆಲಮಾಳಿಗೆಗೆ ಇಳಿಯುವ ಭಯ. “ನಾನಲ್ಲ,” ಎಂದ ಮೇಲೆ ಆ ನಾಲ್ಕು ಮಾತು ಬಂತು. ಹೇಳಿದ ಕೂಡಲೇ ಮೈ ಹಗುರಾದದ್ದು, ಸಂಪತ್ತನ ಮುಖ ಸಡಿಲವಾಗಿ ಅವನು ಬೆನ್ನು ತಟ್ಟಿದ್ದು, ಆ ತಟ್ಟುವಿಕೆ ತನಗೆ ಹಿತವೆನಿಸಿದ್ದು, ಇದನ್ನು ನೆನೆದಾಗಲೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ಹೇಸಿಗೆಯಾಗುತ್ತಿದ್ದದ್ದು. ಮುಂದಿನ ವಾರ ಕೀಬೋರ್ಡಿನ ಮುಂದೆ ಶ್ರೇಯಾ ಎಂಬ ಇಪ್ಪತ್ತೆರಡರ ಹುಡುಗಿ ಕೂತಿದ್ದಳು. ಸಂಪತ್ ಕ್ಯಾಮೆರಾಕ್ಕೆ, “ಇಂದಿನಿಂದ ನಮ್ಮ ಬ್ಯಾಂಡ್ ಲೀಡರು, ಮಂಗಳೂರಿನ ಉಮಾನಾಥ್! ಎಂತ ಮಾರಾಯ್ರೆ?” ಎಂದು ಅವನ ಮಾತಿನ ಧಾಟಿಯನ್ನು ಅಣಕಿಸಿದ. ಜನ ನಕ್ಕರು. ತನ್ನದೇ ನಾಲ್ಕು ಮಾತಿನ ಕೊನೆಯ ಮಾತು ಅದು ಎಂದು ಉಮಾನಾಥನಿಗೆ ಮಾತ್ರ ಗೊತ್ತಿತ್ತು. ಅವನು ಭುಜ ಎತ್ತಿ ಊದಿದ.

ಕ್ಯಾಂಪ್‌ಬೆಲ್ಲಿನ ಆ ಬೀದಿಯಲ್ಲಿ ಏನೂ ಬದಲಾಗಿರಲಿಲ್ಲ. ಮನೆಯ ಮುಂದೆ ಕಾರು ನಿಲ್ಲಿಸಿ, ಇಂಜಿನ್ನು ಆರಿಸದೆ ಸ್ವಲ್ಪ ಹೊತ್ತು ಕೂತ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಎಂಬ ಆಸೆ ಎದ್ದು, ಕಿಟಕಿಯಲ್ಲಿ ನಂಜುಂಡಸ್ವಾಮಿಯವರ ಹೆಂಡತಿ ಜವರಮ್ಮನವರ ಮುಖ ಕಂಡು ಬಿದ್ದುಹೋಯಿತು. ಅವರು ಅವನು ಬೆಲ್ಲು ಒತ್ತುವ ಮುಂಚೆಯೇ ಬಾಗಿಲು ತೆಗೆದು, ಮೇಲಿಂದ ಕೆಳಗಿನವರೆಗೆ ನೋಡಿ, “ಬಂದ್ಯಾ,” ಎಂದರು. ಅದು ಪ್ರಶ್ನೆಯೋ ಅಲ್ಲವೋ ತಿಳಿಯಲಿಲ್ಲ. “ಬಾ ಒಳಕ್ಕೆ. ಹಿತ್ತಲಲ್ಲವ್ರೆ. ಕಿವಿ ಮಿಷನ್ನಿನ ಬ್ಯಾಟರಿ ಮುಗಿದೋಗದೆ. ಮಧ್ಯಾಹ್ನ ತರ್ತೀನಿ ಅಂತ ಕೂತವ್ರೆ. ಏನಿದ್ರೂ ಜೋರಾಗಿ ಹೇಳು.”

ನಂಜುಂಡಸ್ವಾಮಿ ಹಿತ್ತಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮೆಂತ್ಯದ ಮಡಿಯ ಕಳೆ ಕೀಳುತ್ತಿದ್ದರು. ಬೇಲಿಯಾಚೆಗೆ ಪಕ್ಕದ ಮನೆಯವನು ಹುಲ್ಲು ಕತ್ತರಿಸುವ ಮಿಷನ್ನು ಓಡಿಸುತ್ತಿದ್ದ. ನೆರಳು ಕಾಲಿನ ಮೇಲೆ ಬಿದ್ದಾಗ ಅವರು ತಲೆಯೆತ್ತಿದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮುಖ ಮಾತ್ರ ಮೊದಲಿಗಿಂತ ದುಂಡಗಾಗಿ, ಮೊದಲಿಲ್ಲದ ಒಂದು ಆರಾಮ ಅದರಲ್ಲಿತ್ತು. “ಓಹೋ, ಲೀಡರು!” ಎಂದರು. ಚುಚ್ಚಬೇಕೆಂದು ಹೇಳಿದ್ದೋ ಸುಮ್ಮನೆ ಹೇಳಿದ್ದೋ ಎಂದು ಅವನು ಅವರ ಮುಖದಲ್ಲಿ ಹುಡುಕಿದ. ಇನ್ನೊಂದು ಕುರ್ಚಿಯನ್ನು ಕಾಲಿನಿಂದಲೇ ಅವನ ಕಡೆ ತಳ್ಳಿ, “ಕೂತ್ಕೊ. ಏನು ಸಮಾಚಾರ?” ಎಂದರು.

“ಫೋಟೋ ಬೇಕಿತ್ತು ನಂಜುಂಡಣ್ಣ.”

“ಏನು?”

“ಫೋಟೋ! ಮೊದಲ ದಿನದ್ದು! ಬ್ಯಾಂಡಿನ ಚರಿತ್ರೆ ಬರೀತಾ ಇದ್ದೇನೆ, ಸುವನೀರಿಗೆ!”

ಅವರು ಕೈ ಚಾಚಿದರು. ಅವನು ಜೇಬಿನಿಂದ ಹಾಳೆ ತೆಗೆದು ಕೊಟ್ಟ. ಮಣ್ಣಿನ ಬೆರಳುಗಳಲ್ಲಿ ಹಾಳೆಯ ಅಂಚು ಹಿಡಿದು, ದೂರವಿಟ್ಟು, ಅವರು ಒಂದೊಂದು ಸಾಲನ್ನೂ ನಿಧಾನವಾಗಿ ಓದಿದರು. ಎರಡನೆಯ ಪುಟದ ನಡುವಿಗೆ ಬಂದಾಗ ಓದುವುದು ನಿಂತದ್ದು ಅವನಿಗೆ ಕಂಡಿತು. ಅಲ್ಲಿ ಹೊಡೆದುಹಾಕಿದ ಮೂರು ವಾಕ್ಯಗಳಿದ್ದವು. ಗೀಟಿನ ಕೆಳಗೆ ಅಕ್ಷರಗಳು ಚೆನ್ನಾಗಿಯೇ ಕಾಣುತ್ತಿದ್ದವು. ‘ನಿವೃತ್ತರಾದರು.’ ‘ಅನಾರೋಗ್ಯದ ನಿಮಿತ್ತ.’ ‘ವೈಯಕ್ತಿಕ.’ ಅವರು ಹಾಳೆಯಿಂದ ಕಣ್ಣೆತ್ತಿ ಅವನನ್ನು ನೋಡಿದರು. ಹೊರಡುವಾಗ ಬಾಗಿಲಲ್ಲಿ ಹೇಳುವುದು ಎಂದುಕೊಂಡಿದ್ದೆಲ್ಲ ಎಲ್ಲಿ ಹೋಯಿತೋ. “ಸಂಪತ್ತಿಗೆ ಹೇಳಿದ್ದು ನಾನು,” ಎಂದ.

“ಆಂ?”

“ನಾನು ಹೇಳಿದ್ದು. ನಿಮ್ಮ ಕಿವಿ ವಿಷಯ.”

“ಆ ಮಿಷನ್ ಸದ್ದಲ್ಲಿ ತುಟಿನೂ ತಿಳೀತಿಲ್ಲ ಕಣಯ್ಯ,” ಎಂದರು. ಸದ್ದು ಕಿವಿಗೆ ಬೀಳದಿದ್ದರೂ ಎದೆಗೆ ಬಡಿಯುತ್ತಿತ್ತೋ ಏನೋ. “ಜೋರಾಗೇಳು!”

ಉಮಾನಾಥ ಎದ್ದು ನಿಂತ. ಊದುವ ಮುಂಚಿನ ಹಾಗೆ ಉಸಿರೆಳೆದುಕೊಂಡು, ಹೊಟ್ಟೆಯಿಂದ ಕೂಗಿದ: “ನಿಮಗೆ ಕಿವಿ ಕೇಳುದಿಲ್ಲ ಅಂತ ಸಂಪತ್ತಿಗೆ ಹೇಳಿದ್ದು ನಾನು! ನನ್ನ ತಲೆ ಉಳಿಸ್ಲಿಕ್ಕೆ ಹೇಳಿದೆ! ನಾನೇ!”

ಕೂಗಿನ ನಡುವೆ ಎಲ್ಲಿಯೋ ಹುಲ್ಲಿನ ಮಿಷನ್ನು ನಿಂತುಹೋಗಿತ್ತು. ಕೊನೆಯ ‘ನಾನೇ’ ಒಂದೇ ಒಂದು ಇಡೀ ಬೀದಿಗೆ ಕೇಳುವ ಹಾಗೆ ಬಿಸಿಲಿನಲ್ಲಿ ನಿಂತಿತು. ಬೇಲಿಯ ಮೇಲಿಂದ ಟೋಪಿ ಹಾಕಿದ ಒಂದು ತಲೆ ಕಾಣಿಸಿಕೊಂಡು, “ಎವ್ರಿಥಿಂಗ್ ಓಕೆ?” ಎಂದು ಕೇಳಿತು. ಉಮಾನಾಥ ಕೈ ಆಡಿಸಿದ. ತಲೆ ಮರೆಯಾಯಿತು. ಅಡುಗೆಮನೆಯ ಬಾಗಿಲಲ್ಲಿ ಜವರಮ್ಮ ಸೌಟು ಹಿಡಿದು ನಿಂತಿದ್ದರು.

“ಅಷ್ಟೇಯಾ?” ಎಂದರು ನಂಜುಂಡಸ್ವಾಮಿ. “ಅದು ಅವತ್ತೇ ಗೊತ್ತು. ಸಂಪತ್ ಫೋನ್ ಮಾಡಿ, ‘ನಾನಲ್ಲ ಸಾರ್, ಉಮಾನಾಥ್ ಹೇಳಿದ್ದು’ ಅಂದ. ಫೋನಲ್ಲಿ ಎರಡು ಸಲ ಹೇಳಿಸ್ಕೊಂಡೆ, ನನಗೆ ಕೇಳಿಸ್ಲಿಲ್ಲ ಅಂತ.” ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ, ಬೆರಳಿನ ಮಣ್ಣನ್ನು ಉಜ್ಜಿಕೊಳ್ಳುತ್ತ ಹೇಳತೊಡಗಿದರು. ತಮ್ಮ ದನಿ ತಮಗೆ ಕೇಳದವರ ಹಾಗೆ, ಎಲ್ಲೆಲ್ಲೋ ಏರಿಸಿ ಎಲ್ಲೆಲ್ಲೋ ಇಳಿಸಿ. “ಒಂದು ವರ್ಷ ಮೊದಲೇ ಡಾಕ್ಟರು ಹೇಳಿದ್ರು. ನಾನು ಇವಳಿಗೂ ಹೇಳ್ಲಿಲ್ಲ. ಭಾನುವಾರ ಬೆಳಗ್ಗೆ ಎದ್ದೋನೇ ಬಚ್ಚಲಿಗೆ ಹೋಗಿ ವಾಂತಿ ಮಾಡ್ಕೊಂಡು ಸ್ಟುಡಿಯೋಗೆ ಬರ್ತಿದ್ದೆ. ನೀನು ಭುಜ ಎತ್ತೋನು, ನಾನು ಹೊಡಿಯೋನು. ನನ್ನ ಹೊತ್ಕೊಂಡು ಹೋಗ್ತಾವ್ನೆ, ಎಷ್ಟು ದಿನ ಹೊತ್ತಾನು ಅಂತ ನನಗೂ ಅನ್ಸದು. ಬಿಡ್ತೀನಿ ಅನ್ನೋ ಮಾತು ಮಾತ್ರ ನನ್ನ ಬಾಯಲ್ಲಿ ಬರ್ತಿರ್ಲಿಲ್ಲ. ಯಾರಾದ್ರೂ ಹೇಳ್ಬಿಡ್ಲಪ್ಪ ಅಂತ ಕಾಯ್ತಾ ಇದ್ದೆ. ಸಂಪತ್ ಫೋನ್ ಇಟ್ಟ ಮೇಲೆ ಇವಳಿಗೆ ಎಲ್ಲ ಹೇಳ್ದೆ. ಅವತ್ತು ಎರಡು ಮುದ್ದೆ ಉಂಡೆ. ಕೇಳಿವಳನ್ನ.”

“ಮೂರು,” ಎಂದರು ಜವರಮ್ಮ.

ಮಾರನೆಯ ಭಾನುವಾರವೇ ಅವರು ಕಾರು ತೆಗೆದುಕೊಂಡು ಸರಟೋಗಾಕ್ಕೆ ಹೋಗಿ, ಮಲ್ಲಪ್ಪ ಮೇಷ್ಟ್ರ ಮಗಳ ಮನೆಯ ಬಾಗಿಲು ತಟ್ಟಿ, ಕ್ಷಮೆ ಕೇಳಿದರಂತೆ. ಮೇಷ್ಟ್ರು ಒಳಗೆ ಕರೆದು, ತಮ್ಮ ಕಿವಿಯಿಂದ ಒಂದು ಪುಟ್ಟ ಮಿಷನ್ನು ತೆಗೆದು ಅಂಗೈಯಲ್ಲಿಟ್ಟು ತೋರಿಸಿ, ತಮಗೆ ಅದನ್ನು ಕೊಟ್ಟ ಡಾಕ್ಟರರ ಹೆಸರು ಬರೆದುಕೊಟ್ಟರಂತೆ. “ಬಂಗಾರೆವ್ವ ಇದ್ದಿದ್ರ ಬಿದ್ದು ಬಿದ್ದು ನಕ್ಕಿರ್ತಿದ್ಲು” ಎಂದರಂತೆ. ಈಗ ಬುಧವಾರ ಬುಧವಾರ ಇಬ್ಬರೂ ಚೆಸ್ ಆಡುತ್ತಾರೆ. ಇದನ್ನು ಕೇಳುತ್ತ ಉಮಾನಾಥನಿಗೆ, ತಾನು ಎರಡು ವರ್ಷಕ್ಕೂ ಮೇಲೆ ಹೊತ್ತುಕೊಂಡು ತಿರುಗಿದ ಮನುಷ್ಯ ಈ ಮನುಷ್ಯನೇ ಅಲ್ಲವೆನಿಸಿತು. ತನ್ನೊಳಗಿನ ನಂಜುಂಡಸ್ವಾಮಿ ಕತ್ತಲೆ ಕೋಣೆಯಲ್ಲಿ, ಮುಚ್ಚಿಟ್ಟ ಕೀಬೋರ್ಡಿನ ಮುಂದೆ, ಉಮಾನಾಥನ ಹೆಸರನ್ನು ಶಪಿಸುತ್ತ ಕೂತಿದ್ದ. ನಿಜವಾದ ನಂಜುಂಡಸ್ವಾಮಿ ಮೆಂತ್ಯ ಬೆಳೆದುಕೊಂಡು, ಬುಧವಾರಗಳಲ್ಲಿ ಚೆಸ್ಸಿನಲ್ಲಿ ಸೋಲುತ್ತ ಇದ್ದರು. ತಾನು ಅಷ್ಟು ದೊಡ್ಡ ಪಾಪಿಯೂ ಆಗಿರಲಿಲ್ಲವೇ ಎಂದು ಒಂದು ಗಳಿಗೆ ಅವಮಾನವಾದ ಹಾಗೂ ಆಯಿತು. ಅವನು ನಗಲು ಹೊರಟ.

“ನಗಬೇಡ,” ಎಂದರು ನಂಜುಂಡಸ್ವಾಮಿ. ದನಿ ಮೊದಲ ಸಲ ಸಮನಾಗಿತ್ತು. “ನನಗೆ ಸಿಟ್ಟಿಲ್ಲ ಅಂತ ತಿಳ್ಕೊಬೇಡ. ನೀನು ಹೇಳಿದ್ದಕ್ಕಲ್ಲ ನನ್ನ ಸಿಟ್ಟು. ಯಾವನಿದ್ರೂ ಹೇಳ್ತಿದ್ದ. ಹೇಳಿದೋನು ಬರ್ಲೇ ಇಲ್ವಲ್ಲ. ನಾನು ಸರಟೋಗಾಕ್ಕೆ ಹೋಗ್ಬಂದೆ. ನಿನಗೆ ಕ್ಯಾಂಪ್‌ಬೆಲ್ ದೂರವಾಯ್ತಾ?”

ಜವರಮ್ಮ ಮೆಟ್ಟಿಲಿಳಿದು ಬಂದು, “ನೀನು ಅಂಗಡೀಲಿ ಅಕ್ಕಿ ಮೂಟೆ ಹಿಂದೆ ಬಚ್ಚಿಟ್ಕೊಂಡಿದ್ದೆ ಅಲ್ವಾ, ಹೋದ ದೀಪಾವಳಿ ಸಮಯದಲ್ಲಿ,” ಎಂದರು. ಅವನ ಕಿವಿ ಬಿಸಿಯಾಯಿತು. ಮಿಲ್ಪಿಟಾಸಿನ ಇಂಡಿಯನ್ ಗ್ರೋಸರಿಯಲ್ಲಿ, ಇವರಿಬ್ಬರೂ ಬೇಳೆಯ ಸಾಲಿನಲ್ಲಿ ಬರುವುದನ್ನು ಕಂಡು, ಎದೆಯೆತ್ತರಕ್ಕೆ ಪೇರಿಸಿಟ್ಟ ಸೋನಾ ಮಸೂರಿ ಚೀಲಗಳ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಹತ್ತು ನಿಮಿಷ ಒಂದೇ ಚೀಲದ ಮೇಲಿನ ಅಕ್ಷರ ಓದುತ್ತಿದ್ದದ್ದು ಯಾರಿಗೂ ಕಂಡಿಲ್ಲವೆಂದೇ ಅವನು ನಂಬಿದ್ದ. “ನಿನ್ನ ಚಪ್ಪಲಿ ಕಾಣ್ತಿತ್ತು. ಇವರಿಗೆ ಹೇಳ್ಲಿಲ್ಲ ನಾನು. ಮನೆಗೆ ಬಂದು ಅತ್ತೆ. ಎಂಥ ಮನುಷ್ಯ ಹೆಂಗಾಗೋದ ಅಂತ.”

“ತಪ್ಪಾಯ್ತು ಅಕ್ಕ,” ಎಂದ. ನಂಜುಂಡಸ್ವಾಮಿಯವರ ಕಡೆ ತಿರುಗಿ, ಅವರಿಗೆ ಕೇಳಲೆಂದು ಮತ್ತೆ ಕೂಗಬೇಕಾಯಿತು: “ತಪ್ಪಾಯ್ತು ನಂಜುಂಡಣ್ಣ!” ಎರಡನೆಯ ಸಲಕ್ಕೆ ಕೂಗುವುದು ಅಷ್ಟು ಕಷ್ಟವಾಗಲಿಲ್ಲ.

ಅವರು ತಲೆಯಾಡಿಸಿದರು, ಒಮ್ಮೆ. ಆಮೇಲೆ ಅವರು ಅವನ ಜೇಬಿನಿಂದ ಪೆನ್ನನ್ನು ತಾವೇ ತೆಗೆದು, ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, “ಇಲ್ಲಿ ತಪ್ಪು ಅದೆ,” ಎಂದು ಮೊದಲನೆಯ ಪುಟ ತೋರಿಸಿದರು. “ಸ್ಟುಡಿಯೋದಲ್ಲಿ ಶುರುವಾಗ್ಲಿಲ್ಲ ಬ್ಯಾಂಡು. ನಿಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಶುರುವಾಯ್ತು, ತೊಂಬತ್ತಾರನೇ ಇಸವಿ ಆಗಸ್ಟು. ಆ ದಿನ ನಾನು ಕಂಬದ ಹಿಂದೆ ನಿಂತಿದ್ದಾಗ ಎಡಗಿವೀಲಿ ಒಂದು ಸ್ವರ ಕಮ್ಮಿ ಕೇಳ್ತು. ಜಾಗದ ದೋಷ ಅಂದ್ಕೊಂಡೆ.” ತಿದ್ದಿದರು. ಎರಡನೆಯ ಪುಟಕ್ಕೆ ಬಂದು, ಹೊಡೆದುಹಾಕಿದ ಮೂರು ಸಾಲುಗಳ ಪಕ್ಕದಲ್ಲಿ, ದಪ್ಪ ಅಕ್ಷರಗಳಲ್ಲಿ, ಬಾಯಲ್ಲಿ ಹೇಳಿಕೊಳ್ಳುತ್ತ ಬರೆದರು: “ಕಿವಿ ಕೇಳದಿದ್ದರೂ... ಕೇಳುತ್ತದೆಂದು... ಒಂದು ವರ್ಷ ನಾಟಕವಾಡಿದರು. ಉಮಾನಾಥ ನಿಜ ಹೇಳಿದ ಮೇಲೆ... ಬಿಟ್ಟರು.”

“ಹೀಗೆ ಬರೆದ್ರೆ ಸಂಪತ್ ಹಾಕುದಿಲ್ಲ!” ಎಂದು ಉಮಾನಾಥ ಕೂಗಿದ. “ಲೈಟಾಗಿರ್ಬೇಕಂತೆ!”

“ಇದಕ್ಕಿಂತ ಲೈಟು ಇನ್ನೇನು ಬೇಕಂತೆ ಅವನಿಗೆ?” ಎಂದರು ಜವರಮ್ಮ. “ಹಾಕದೇ ಇದ್ರೆ ನನಗೆ ಫೋನ್ ಮಾಡಕ್ಕೇಳು. ಏಳಿ ಇಬ್ಬರೂ. ಬಸ್ಸಾರು ಆರೋಗ್ತದೆ.”

ಮೂಲ್ಕಿಯ ಗಂಜಿಯೂಟದವನಿಗೆ ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿಸಿದ್ದು ಇದೇ ಮೇಜು. ಅವನು ಮುರಿದು, ಸಾರಿನಲ್ಲಿ ಅದ್ದಿ, ನುಂಗಿದ. ಅದು ಬಿಸಿಯಾಗಿ ಇಳಿಯಿತು. ಬೆಳಗ್ಗಿನಿಂದ ಏನೂ ತಿಂದಿಲ್ಲವೆಂದು ಆಗ ಹೊಳೆಯಿತು. ಜವರಮ್ಮ ಕೇಳದೆಯೇ ಇನ್ನೊಂದು ಮುದ್ದೆ ಹಾಕಿದರು. ನಂಜುಂಡಸ್ವಾಮಿ ತಮ್ಮ ಊಟದ ನಡುವೆ, ನಾಳೆಯ ರೆಕಾರ್ಡಿಂಗಿಗೆ ತಾವೂ ಬರುವುದಾಗಿಯೂ, ಬ್ಯಾಟರಿ ಹಾಕಿಕೊಂಡು ಮೇಷ್ಟ್ರ ಜೊತೆ ಮುಂದಿನ ಸಾಲಿನಲ್ಲೇ ಕೂರುವುದಾಗಿಯೂ, ಶ್ರೇಯಾ ಎಂಬ ಆ ಹುಡುಗಿ ಎಡಗೈಯನ್ನು ಸುಮ್ಮನೆ ಮಲಗಿಸಿರುತ್ತಾಳೆಂದು ಟೀವಿಯಲ್ಲಿ ನೋಡಿಯೇ ತಿಳಿದಿರುವುದಾಗಿಯೂ ಹೇಳಿದರು. ಪ್ರತಿ ಶನಿವಾರವೂ ಅವರು ಶೋ ನೋಡುತ್ತಿದ್ದರು. “ನೀನು ಚೆನ್ನಾಗೇ ನಡೆಸ್ದೆ ಬ್ಯಾಂಡನ್ನ,” ಎಂದು, ಅವನು ಏನಾದರೂ ಹೇಳುವ ಮುಂಚೆ ಎದ್ದು ಕೈ ತೊಳೆಯಲು ಹೋದರು.

ಫೋಟೋ ಯಾವ ಪೆಟ್ಟಿಗೆಯಲ್ಲಿದೆಯೆಂದು ಹುಡುಕಲು ಜವರಮ್ಮ ಒಳಕೋಣೆಗೆ ಹೋದರು. ಉಮಾನಾಥ ಸೋಫಾದ ಅಂಚಿನಲ್ಲಿ ಕೂತ. ಕಿಟಕಿಯಿಂದ ಬಿಸಿಲು ಮೊಣಕಾಲಿನವರೆಗೆ ಬಂದಿತ್ತು. ಮನೆಗೆ ಹೋಗಿ ಗುಲಾಬಿ ಎದ್ದ ಮೇಲೆ ಅವಳಿಗೆ ಎಲ್ಲ ಹೇಳಬೇಕು ಎಂದುಕೊಂಡ. ಅವಳು ಆಶ್ಚರ್ಯಪಡುವುದಿಲ್ಲವೆಂದೂ ಅನ್ನಿಸಿತು. ಅಲ್ಲಿಯವರೆಗೆ ಒಂದು ನಿಮಿಷ ಬೆನ್ನು ಒರಗಿಸಿದರೆ ತಪ್ಪಿಲ್ಲ. ಒರಗಿಸಿದ. ಮೈಯ ಒಂದೊಂದು ಭಾಗವೂ ಅವನನ್ನು ಕೇಳದೆ ಸಡಿಲವಾಗುತ್ತ ಹೋಯಿತು, ಕೈ, ಕತ್ತು, ದವಡೆ. ಹೀಗೆ ಬೇರೆಯವರ ಮನೆಯಲ್ಲಿ ಹಗಲು ಹೊತ್ತು ನಿದ್ದೆ ಹೋಗುವುದು ಮರ್ಯಾದೆಯಲ್ಲ ಎಂಬ ಯೋಚನೆ ಅರ್ಧದಲ್ಲೇ ಉಳಿಯಿತು.

ಆಮೇಲೆ ಎಲ್ಲಿಂದಲೋ ಜವರಮ್ಮನವರ ದನಿ ಕೇಳಿಸಿತು. “ನಿದ್ದೆ ಹೋಗವ್ನೆ ಕಣ್ರೀ.”

“ಆಂ?”

“ನಿದ್ದೆ ಹೋಗವ್ನೆ ಅಂದೆ!”

“ಯಾರು?”

“ಉಮಾನಾಥ! ನಿದ್ದೆ! ಮೆತ್ತಗೆ ಮಾತಾಡಿ!” ಎಂದು ಅವರು ಮನೆ ಅದುರುವ ಹಾಗೆ ಕೂಗಿದರು.

“ಮಲಗ್ಲಿ ಬಿಡು!” ಎಂದು ನಂಜುಂಡಸ್ವಾಮಿಯವರೂ ಅಷ್ಟೇ ಜೋರಾಗಿ ಹೇಳಿದರು.

ಉಮಾನಾಥನಿಗೆ ಎಲ್ಲವೂ ಕೇಳಿಸಿತು. ಅವನು ಕಣ್ಣು ತೆರೆಯಲಿಲ್ಲ. ಕಾಲನ್ನು ಸೋಫಾದ ಮೇಲೆ ಎಳೆದುಕೊಂಡು, ಗೋಡೆಯ ಕಡೆ ಮಗ್ಗುಲಾಗಿ ಮತ್ತೆ ಮಲಗಿದ.